ಸೌಂಡ್ ಮೇಷ್ಟ್ರ ಕಿವಿ

ಹೆಂಡತಿ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಸೌಂಡ್ ಮೇಷ್ಟ್ರಿಗೆ ಅದು ಗೊತ್ತೇ ಆಗಿರಲಿಲ್ಲ.

ಅವರು ಬೆಳಿಗ್ಗೆ ಎದ್ದವರೇ ಊಟದ ಮೇಜಿನ ಮೇಲೆ ಕೆಟ್ಟ ಮೈಕುಗಳನ್ನು ಹರಡಿಕೊಂಡು ಬೆಸುಗೆ ಹಾಕುತ್ತ ಕೂರುತ್ತಿದ್ದರು. ಹೆಂಡತಿ ಬ್ರೆಡ್ಡಿನ ತಟ್ಟೆಯನ್ನು ಆ ಮೈಕುಗಳ ನಡುವೆ ಕುಕ್ಕಿ, ಮಗಳ ಕಡೆ ತಿರುಗಿ, "ನಿಮ್ಮಪ್ಪನಿಗೆ ಹೇಳು, ತಿನ್ನೋ ಜಾಗದಲ್ಲಿ ಸೀಸ ಕಾಯಿಸಬಾರದು ಅಂತ" ಎನ್ನುತ್ತಿದ್ದಳು.

ಮೇಷ್ಟ್ರು ತಲೆ ಎತ್ತದೆ "ಹೂಂ" ಎನ್ನುತ್ತಿದ್ದರು.

"ನೋಡು, ಹೂಂ ಅಂತೆ ಹೂಂ. ಗೋಡೆಗೆ ಹೇಳಿದ್ರೆ ಅದಾದ್ರೂ ಒಂಚೂರು ಸುಣ್ಣ ಉದುರಿಸುತ್ತೆ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರ ತಾಯಿ ಕೂತಿರುತ್ತಿದ್ದರು. ಎಂಬತ್ತರ ಹತ್ತಿರದ ಅಜ್ಜಿ. ಕಣ್ಣು ಮಂಜಾಗಿತ್ತು, ಆದರೆ ಕೆಳಗಿನ ಮನೆಯವರ ಜಗಳ ಎಷ್ಟು ಹೊತ್ತಿಗೆ ಶುರುವಾಯಿತು, ಯಾರು ಗೆದ್ದರು ಎಂಬುದೆಲ್ಲ ಅವರಿಗೆ ಕೂತಲ್ಲಿಂದಲೇ ತಿಳಿಯುತ್ತಿತ್ತು.

"ನೇರವಾಗಿ ಅವನಿಗೇ ಹೇಳಬಾರದೇನೇ? ಆ ಮಗು ಏನು ಪೋಸ್ಟ್‌ಮ್ಯಾನಾ?"

"ಹೇಳೋದೆಲ್ಲ ಹೇಳಿ ಮುಗಿಸಿದ್ದೀನಿ ಅತ್ತೆ. ಇನ್ನು ಹೇಳೋಕೆ ಏನೂ ಉಳಿದಿಲ್ಲ."

ಏನು ಹೇಳಿದ್ದಳೆಂದು ಯಾರೂ ಕೇಳಲಿಲ್ಲ. ಅವಳು ಕೈಚೀಲ ಹೆಗಲಿಗೇರಿಸಿಕೊಂಡು ಔಷಧಿ ಅಂಗಡಿಗೆ ಹೊರಟಳು. ಹದಿನಾಲ್ಕು ವರ್ಷದಿಂದ ಅಲ್ಲಿ ಕೌಂಟರಿನ ಹಿಂದೆ ನಿಂತು, ಡಾಕ್ಟರುಗಳ ಕಾಗೆಕಾಲು ಅಕ್ಷರ ಓದಿ ಮಾತ್ರೆ ಎಣಿಸಿ ಕೊಡುವ ಕೆಲಸ ಅವಳದು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅವರಿದ್ದ ದೊಡ್ಡ ನಗರದಲ್ಲಿ ಸಂಗೀತ ಕಛೇರಿಗಳಿಗೆ ಮೈಕು, ಸ್ಪೀಕರ್ ಕಟ್ಟುವವರಲ್ಲಿ ಅರ್ಧದಷ್ಟು ಮಂದಿ ಅವರ ಕೈಕೆಳಗೆ ಕಲಿತವರಾದ್ದರಿಂದ ಆ ಹೆಸರು ಬಂದಿತ್ತು. ವರ್ಷಕ್ಕೊಮ್ಮೆ ಅಲ್ಲಿ ಸಂಗೀತ ವಾರ ನಡೆಯುತ್ತದೆ. ಸೋಮವಾರದಿಂದ ಭಾನುವಾರದವರೆಗೆ, ಸಂಜೆ ಆರಕ್ಕೆ, ದಿನಕ್ಕೊಂದು ಕಛೇರಿ. ಹತ್ತೊಂಬತ್ತು ವರ್ಷದಿಂದ ಅದರ ಸೌಂಡು ಮೇಷ್ಟ್ರದೇ. ಸಭಾಂಗಣದ ಹಿಂದಿನ ಸಾಲಿನಲ್ಲಿ ದನಿಗಳನ್ನು ಹದಗೊಳಿಸುವ ಮಿಕ್ಸರಿನ ಮುಂದೆ ಅವರು ಕೂತರೆಂದರೆ ಹಾಡುವವರು ನಿಶ್ಚಿಂತರಾಗುತ್ತಿದ್ದರು.

ಈ ವರ್ಷದ ವಾರಕ್ಕೆ ಇನ್ನು ಹದಿನೈದು ದಿನವಿತ್ತು. ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಜೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ಅಪ್ಪನ ಜೊತೆ ಸೇರಿ ಎರಡು ವರ್ಷವಾಗಿತ್ತು. ಕೇಬಲ್ಲು ಎಳೆಯುವುದರಿಂದ ಶುರುಮಾಡಿ ಈಗ ಮಿಕ್ಸರಿನ ಎರಡನೇ ಕುರ್ಚಿಗೆ ಬಂದಿದ್ದಳು. ಸೇರಿದ ನಾಲ್ಕನೇ ತಿಂಗಳಲ್ಲೇ ಅವಳಿಗೆ ಒಂದು ವಿಷಯ ಗೊತ್ತಾಗಿತ್ತು. ಅಪ್ಪ ಸರಿಮಾಡಿಟ್ಟ ಸೌಂಡು ಚೂಪಾಗಿರುತ್ತಿತ್ತು. ಕೊಳಲು, ತಾಳ, ಹೆಂಗಸರ ದನಿ ಎಲ್ಲ ಕಿವಿಗೆ ಸೂಜಿ ಹಾಕಿದ ಹಾಗೆ. ಅಪ್ಪನಿಗೆ ಮಾತ್ರ ಅದೇ ಹದವಾಗಿ ಕೇಳುತ್ತಿತ್ತು.

ಅವಳು ಏನೂ ಹೇಳಲಿಲ್ಲ. ಅಪ್ಪ ಚಹಾ ಕುಡಿಯಲು ಎದ್ದಾಗ, ಬಟ್ಟೆ ಹಿಡಿದು ಮಿಕ್ಸರಿನ ಧೂಳು ಒರೆಸುವ ನೆಪದಲ್ಲಿ ಚೂಪು ದನಿ ಏರಿಸಿ ಇಳಿಸುವ ಟ್ರೆಬಲ್ ಗುಂಡಿಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಳು. ಮೇಷ್ಟ್ರು ಬಂದು ಕೂತು ಗುಂಡಿಗಳನ್ನು ನೋಡುತ್ತಿದ್ದರು, ಮಗಳನ್ನು ನೋಡುತ್ತಿದ್ದರು, ಮತ್ತೆ ಮುಟ್ಟುತ್ತಿರಲಿಲ್ಲ. ಹೀಗೆ ಒಂದು ಮಾತೂ ಆಡದೆ ಅಪ್ಪ ಮಗಳ ಒಪ್ಪಂದ ನಡೆದುಕೊಂಡು ಬಂದಿತ್ತು.

ಮನೆಯಲ್ಲಿ ಹಾಗೆ ಯಾರೂ ಗುಂಡಿ ತಿರುಗಿಸುವವರಿರಲಿಲ್ಲ. ಹಾಲು ಉಕ್ಕಿದರೆ, ಬಾಗಿಲ ಗಂಟೆ ಬಾರಿಸಿದರೆ, ಫೋನು ಒದರಿದರೆ ಮೇಷ್ಟ್ರು ಕದಲುತ್ತಿರಲಿಲ್ಲ. "ದೊಡ್ಡಮನುಷ್ಯ. ಬಾಗಿಲು ತೆಗೆದ್ರೆ ಗೌರವ ಕಮ್ಮಿ ಆಗುತ್ತೆ" ಎಂದು ಹೆಂಡತಿ ಗೊಣಗುತ್ತಿದ್ದಳು. ಗಂಡಸರ ದಪ್ಪ ದನಿ ಮೇಷ್ಟ್ರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ಹೊರಗಿನವರ ಜೊತೆ ನಗುನಗುತ್ತ ಮಾತಾಡಿ ಮನೆಗೆ ಬಂದು ಮೂಕರಾಗುತ್ತಾರೆ ಎಂಬ ದೂರೂ ಅವಳದಿತ್ತು.

ಸಂಗೀತ ವಾರ ಶುರುವಾಯಿತು. ಸೋಮವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮಂಗಳವಾರ ಹಿರಿಯ ಗಾಯಕಿಯೊಬ್ಬರ ಕಛೇರಿ. ಎಪ್ಪತ್ತು ದಾಟಿದವರು, ದನಿ ತೆಳ್ಳಗೆ, ಕೂದಲೆಳೆಯ ಹಾಗೆ. ಎರಡನೇ ಹಾಡಿನ ನಡುವೆ ವೇದಿಕೆಯ ಮೇಲಿನ ಒಂದು ಸ್ಪೀಕರ್ ಕೆಮ್ಮಲು ಶುರುಮಾಡಿತು. ಗುಬ್ಬಿ ಬಗ್ಗಿಕೊಂಡು ಗೋಡೆಯಂಚಿನಲ್ಲಿ ಓಡಿ ವೇದಿಕೆಯ ಮೆಟ್ಟಿಲ ಬಳಿ ಕೂತು ಕೇಬಲ್ಲು ಬದಲಿಸತೊಡಗಿದಳು.

ಹಿಂದಿನ ಸಾಲಿನಲ್ಲಿ ಮೇಷ್ಟ್ರು ಒಬ್ಬರೇ ಉಳಿದರು. ಗಾಯಕಿಯ ತುಟಿ ಅಲುಗುತ್ತಿತ್ತು, ಕೈ ಗಾಳಿಯಲ್ಲಿ ಮೇಲೇರುತ್ತಿತ್ತು. ದನಿ ಮಾತ್ರ ಕಂಬಳಿಯ ಹಿಂದಿನಿಂದ ಬಂದ ಹಾಗಿತ್ತು. ಮೇಷ್ಟ್ರು ಟ್ರೆಬಲ್ ಏರಿಸಿದರು. ಸಾಲದೆನಿಸಿತು. ಇನ್ನಷ್ಟು ಏರಿಸಿದರು.

ಮೈಕು ಕುಯ್ಯೋ ಎಂದು ಕೂಗಿತು. ಆ ಕೂಗು ನಿಲ್ಲಲೇ ಇಲ್ಲ. ಎಂಟುನೂರು ಜನ ಕಿವಿ ಮುಚ್ಚಿಕೊಂಡರು. ಗಾಯಕಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಪಕ್ಕವಾದ್ಯದವರು ಎದ್ದು ಅವರನ್ನು ಒಳಗೆ ಕರೆದೊಯ್ದರು. ಮೇಷ್ಟ್ರು ಜನರ ಕೈಗಳನ್ನು ನೋಡಿ ಏನೋ ಆಗಿದೆಯೆಂದು ತಿಳಿದು ಎಲ್ಲ ಗುಂಡಿಗಳನ್ನೂ ಕೆಳಗೆಳೆದರು.

ಸಮಿತಿಯ ಕಾರ್ಯದರ್ಶಿ ಓಡಿ ಬಂದರು. "ಯಾರ್ರೀ ಕೈಯಾಡಿಸಿದ್ದು? ಮೇಷ್ಟ್ರೇ, ನೀವಿದ್ದೂ ಹೀಗಾಗುತ್ತಾ?"

ಮೇಷ್ಟ್ರು ಮಿಕ್ಸರಿನಿಂದ ಕೈ ಹಿಂದಕ್ಕೆಳೆದುಕೊಂಡರು. "ಹುಡುಗಿ... ಹುಡುಗಿ ಕೈ ತಪ್ಪಿತು" ಎಂದರು.

ಗುಬ್ಬಿ ಅಷ್ಟರಲ್ಲಿ ಅವರ ಬೆನ್ನ ಹಿಂದೆ ಬಂದು ನಿಂತಿದ್ದಳು. ಕೈಯಲ್ಲಿ ಕೆಟ್ಟ ಕೇಬಲ್ಲಿತ್ತು. ಕಾರ್ಯದರ್ಶಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾಳೆಯಿಂದ ಈಕೆ ಬರೋದು ಬೇಡ. ಮನೆಮಕ್ಕಳಿಗೆ ಕಲಿಸೋ ಜಾಗ ಇದಲ್ಲ" ಎಂದರು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಮಿಕ್ಸರ್ ನೋಡುತ್ತಿದ್ದರು. ಗುಬ್ಬಿ ಕೇಬಲ್ಲನ್ನು ಅಚ್ಚುಕಟ್ಟಾಗಿ ಸುತ್ತಿ ಪೆಟ್ಟಿಗೆಯ ಮೇಲಿಟ್ಟು ಹೊರಟುಹೋದಳು.

ಬುಧವಾರ ಮಧ್ಯಾಹ್ನ ಅಮ್ಮ ಊಟಕ್ಕೆಂದು ಮನೆಗೆ ಬಂದಾಗ ಗುಬ್ಬಿ ಬಟ್ಟೆ ಮಡಿಸುತ್ತಿದ್ದಳು. ಒಂದೇ ಟವೆಲನ್ನು ಮೂರು ಸಲ ಮಡಿಸಿ ಬಿಚ್ಚಿದ್ದನ್ನು ಅಜ್ಜಿ ಮಂಜುಗಣ್ಣಲ್ಲೂ ಗಮನಿಸಿದ್ದರು.

"ಬೆಳಗಿಂದ ಹೀಗೇ ಇದಾಳೆ. ನಿನ್ನ ಮಗಳನ್ನ ಕೆಲಸದಿಂದ ತೆಗೆದ್ರಂತೆ" ಎಂದರು ಅಜ್ಜಿ.

"ತೆಗೆದ್ರಾ? ಯಾಕೆ? ಏನು ಮಾಡಿದೆ?"

"ಮೈಕು ಕೂಗಿಸಿದೆನಂತೆ. ಅಪ್ಪ ಹೇಳಿದ್ರು."

"ಗಮನ ಎಲ್ಲಿಟ್ಟಿದ್ದೆ? ಫೋನ್ ನೋಡ್ತಿದ್ಯಾ? ನಾನು ಅವತ್ತೇ ಹೇಳಿದೆ, ಕೂತು ಸರ್ಕಾರಿ ಕೆಲಸದ ಪರೀಕ್ಷೆಗೆ ಓದು, ಆ ವೈರು ಸುತ್ತೋ ಕೆಲಸ ಬೇಡ ಅಂತ. ಕೇಳಿದ್ಯಾ? ಈ ಮನೇಲಿ ನನ್ನ ಮಾತು ಯಾರ ಕಿವಿಗಾದ್ರೂ ಬೀಳುತ್ತಾ?"

"ನನ್ನ ಕಿವಿಗೆ ಬೀಳುತ್ತಮ್ಮ!" ಗುಬ್ಬಿ ಟವೆಲು ಎಸೆದಳು. "ಅಪ್ಪನ ಕಿವಿಗೇ ಬೀಳಲ್ಲ. ಅಪ್ಪನಿಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ಕೇಳಲ್ಲ. ನಾನು ಮೆಟ್ಟಿಲ ಹತ್ರ ಕೂತಿದ್ದೆ, ಮಿಕ್ಸರ್ ಹತ್ರ ಇರಲೇ ಇಲ್ಲ."

ಅಮ್ಮ ಕೈಚೀಲ ಹೆಗಲಿನಿಂದ ಇಳಿಸದೆ ಮಂಚದ ಮೇಲೆ ಕೂತಳು. "ದಿನಕ್ಕೆ ನೂರು ಜನರ ಕಾಯಿಲೆ ಕೇಳ್ತೀನಿ. ಮನೇಲಿರೋದು ಗೊತ್ತಾಗಲಿಲ್ಲ" ಎಂದಳು. ಆಮೇಲೆ ಊಟ ಮಾಡದೆ ಅಂಗಡಿಗೆ ವಾಪಸು ಹೋದಳು.

ಗುರುವಾರ ಅವಳು ಅರ್ಧ ದಿನ ರಜೆ ಹಾಕಿದಳು. ಮಧ್ಯಾಹ್ನ ಒಂದು ಗಂಟೆಗೆ ಮೇಷ್ಟ್ರು ಊಟಕ್ಕೆ ಕೂತರು. ಎದುರಿಗೆ ಅಜ್ಜಿ, ಪಕ್ಕದಲ್ಲಿ ಗುಬ್ಬಿ. ಮೇಷ್ಟ್ರು ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದರು. ಹೆಂಡತಿ ಅನ್ನದ ಪಾತ್ರೆ ಹಿಡಿದು ಅವರ ಬೆನ್ನ ಹಿಂದೆ ಬಂದು ನಿಂತಳು.

"ರೀ, ಮನೆಗೆ ಬೆಂಕಿ ಬಿದ್ದಿದೆ" ಎಂದಳು. ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. ದಿನಾ ಮಾತಾಡುವ ದನಿಯಲ್ಲೇ ಹೇಳಿದಳು.

ಮೇಷ್ಟ್ರು ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿದರು.

"ಏಳಿ, ಓಡಿ. ಬೆಂಕಿ."

ಮೇಷ್ಟ್ರು ಮೊಟ್ಟೆಗೆ ಉಪ್ಪು ಹಾಕಿಕೊಂಡರು. ಗುಬ್ಬಿ "ಅಮ್ಮ, ಬೇಡ" ಎಂದಳು. ಅಮ್ಮ ಕೇಳಲಿಲ್ಲ. ಅದೇ ದನಿಯಲ್ಲಿ ಮುಂದುವರಿಸಿದಳು.

"ರೀ, ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ತಾ ಇದೆ. ಶನಿವಾರ ದೊಡ್ಡ ಆಸ್ಪತ್ರೆಗೆ ಬರೋಕೆ ಹೇಳಿದಾರೆ. ನೀವೂ ಬನ್ನಿ. ಒಬ್ಳೇ ಹೋಗೋಕೆ ಭಯ ಆಗುತ್ತೆ."

ಅಜ್ಜಿಯ ಕೈಯಿಂದ ಚಮಚ ಬಿತ್ತು. "ಸಾಕು ಕಣೇ. ನಿಲ್ಸು, ಸಾಕು."

ತಾಯಿಯ ಮುಖ ಬಿಳಿಚಿಕೊಂಡಿದ್ದನ್ನು ಕಂಡು ಮೇಷ್ಟ್ರು, "ಏನಾಯ್ತಮ್ಮ?" ಎಂದು ಕೇಳಿದರು. ತಾಯಿಯ ಕಣ್ಣು ಹೋದ ಕಡೆ ತಿರುಗಿದರು. ಹಿಂದೆ ಹೆಂಡತಿ ನಿಂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು.

ಅವಳು ಸುತ್ತಿ ಬಂದು ಎದುರಿನ ಕುರ್ಚಿ ಎಳೆದು ಕೂತು, ತುಟಿ ಕಾಣುವ ಹಾಗೆ ಕೇಳಿದಳು. "ಎಷ್ಟು ದಿನದಿಂದ?"

ಮೇಷ್ಟ್ರು ಗುಬ್ಬಿಯ ಕಡೆ ನೋಡಿದರು. ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಎರಡು ವರ್ಷ. ಮೊದಲು ಎಡಗಡೆ. ಆಮೇಲೆ ಎರಡೂ."

"ನಾನು ಈಗ ನಿಮ್ಮ ಹಿಂದೆ ನಿಂತು ಏನು ಹೇಳಿದೆ ಗೊತ್ತಾ? ಇದೇ ಮಾತನ್ನ ಹೋದ ತಿಂಗಳು ಪಾತ್ರೆ ತೊಳೀತಾ ಹೇಳಿದ್ದೆ. ಹೇಳೋಕೆ ಎರಡು ದಿನ ಧೈರ್ಯ ಕೂಡಿಸಿಕೊಂಡಿದ್ದೆ. ನೀವು 'ಹೂಂ, ಅಲ್ಲೇ ಇಡು' ಅಂದ್ರಿ." ಅವಳು ಮತ್ತೊಮ್ಮೆ, ಒಂದೊಂದೇ ಪದವಾಗಿ, ಗಂಟಿನ ವಿಷಯ ಹೇಳಿದಳು. ಮೇಷ್ಟ್ರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಈಗ... ಈಗ ಹೇಗಿದೆ?"

"ಏನೂ ಇಲ್ಲ ಅಂದ್ರು. ನೀರು ತುಂಬಿಕೊಂಡಿತ್ತಂತೆ, ಸೂಜಿ ಹಾಕಿ ತೆಗೆದ್ರು. ಆದ್ರೆ ಅದು ಗೊತ್ತಾಗೋವರೆಗೆ ಎರಡು ಗಂಟೆ ಆ ಬೆಂಚಿನ ಮೇಲೆ ಕೂತಿದ್ದೆನಲ್ಲ, ಆರು ಸಲ ಫೋನ್ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಯಾರೋ ಗುರುತಿಲ್ಲದ ಹೆಂಗಸು ನನ್ನ ಕೈ ಹಿಡ್ಕೊಂಡಿದ್ಲು."

"ನನಗೆ ಕೇಳಿಸಲಿಲ್ಲ ಕಣೇ."

"ಕೇಳಿಸಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳು ಅನ್ನಬೇಕಿತ್ತು!"

"ದಿನಕ್ಕೆ ಎಷ್ಟು ಸಲ ಅನ್ನಲಿ? ಸೌಂಡ್ ಮೇಷ್ಟ್ರಿಗೆ ಕಿವಿ ಹೋಯ್ತು ಅಂತ ಒಬ್ಬನ ಬಾಯಿಗೆ ಬಿದ್ರೆ ಸಂಜೆ ಹೊತ್ತಿಗೆ ಊರೆಲ್ಲ ಆಡಿಕೊಳ್ಳುತ್ತೆ. ನಾಚಿಕೆ ಆಗ್ತಿತ್ತು."

"ಹೊರಗಿನವರ ಮುಂದೆ ನಾಚಿಕೆ ಸರಿ. ನನ್ನ ಮುಂದೆ ಏನ್ರೀ ನಾಚಿಕೆ? ನಾನು ನಿಮ್ಮನ್ನ ಕಲ್ಲು ಅಂದ್ಕೊಂಡಿದ್ದೆ. ಬೇರೆ ಯಾರ ಮೇಲೋ ಮನಸ್ಸಿದೆ ಅಂತ ಕೂಡ ಅಂದ್ಕೊಂಡಿದ್ದೆ. ಎರಡು ವರ್ಷ ಇದೇ ಸಂಕಟ ತಿಂದ್ಕೊಂಡು ಅನ್ನ ಬಡಿಸಿದೀನಿ."

ಅಜ್ಜಿ ಮೇಜಿನ ಮೇಲೆ ಅಂಗೈ ಬಡಿದರು. ಮಗನಿಗೆ ಕೇಳಲೆಂದು ಗಂಟಲು ಹರಿಯುವ ಹಾಗೆ ಕೂಗಿದರು. "ಕಿವಿ ಹೋಗೋದು ತಪ್ಪಲ್ಲ ಕಣೋ. ಆ ಮಗು ಮೇಲೆ ಹೊರಿಸಿದ್ಯಲ್ಲ, ಅದು ತಪ್ಪು. ಅವಳ ಎದುರಿಗೆ ಕೂತು ಹೇಗೋ ಊಟ ಇಳೀತು ನಿನಗೆ?"

ಮೇಷ್ಟ್ರು ಮಗಳ ತಲೆ ಸವರಲು ಕೈ ಚಾಚಿದರು. ಗುಬ್ಬಿ ಕುರ್ಚಿ ಹಿಂದಕ್ಕೆ ಸರಿಸಿ, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮೊಟ್ಟೆ ಹಾಗೇ ಉಳಿಯಿತು. ಬುಧವಾರದ ಕಛೇರಿ ಹೇಗೋ ಸಾಗಿತ್ತು, ಗುರುವಾರದ್ದು ಮೇಷ್ಟ್ರ ಪಾಲಿಗೆ ನರಕವಾಯಿತು. ಯಾವ ಗುಂಡಿ ಮುಟ್ಟಲೂ ಹೆದರಿ, ಮೂರು ಗಂಟೆ ಕೈಕಟ್ಟಿ ಕೂತು, ಜನ ಕಿವಿ ಮುಚ್ಚಿಕೊಳ್ಳುತ್ತಾರೋ ಎಂದು ತಲೆಗಳ ಸಾಲನ್ನೇ ನೋಡುತ್ತ ಕಳೆದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರ್ಯದರ್ಶಿಗಳ ಕೊಠಡಿಗೆ ಹೋದರು. ಅಲ್ಲಿ ಕುರ್ಚಿ ಜೋಡಿಸುವವರು, ಟಿಕೆಟ್ ಕೊಡುವವನು ಎಲ್ಲ ಇದ್ದರು. ಒಳಗೆ ಹೋಗಿ ಮಾತಾಡೋಣವೆಂದು ಕಾರ್ಯದರ್ಶಿ ಎದ್ದರೂ ಮೇಷ್ಟ್ರು ಒಪ್ಪಲಿಲ್ಲ.

"ಇಲ್ಲೇ ಹೇಳ್ತೀನಿ. ಮಂಗಳವಾರ ಮೈಕು ಕೂಗಿಸಿದ್ದು ನಾನು. ನನ್ನ ಮಗಳು ಆಗ ಮಿಕ್ಸರ್ ಹತ್ರ ಇರಲಿಲ್ಲ. ನನಗೆ ಸಣ್ಣ ದನಿ ಕೇಳಿಸಲ್ಲ. ಎರಡು ವರ್ಷದಿಂದ ಅವಳ ಕಿವಿ ಇಟ್ಕೊಂಡೇ ಕೆಲಸ ಮಾಡ್ತಿದ್ದೆ. ಅವಳ ಮೇಲೆ ಸುಳ್ಳು ಹೇಳಿದೆ."

ಟಿಕೆಟ್ ಕೊಡುವವನು ಕೈಯಲ್ಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಇದನ್ನ ಮಂಗಳವಾರವೇ ಹೇಳಿದ್ದಿದ್ರೆ ಹುಡುಗಿ ಕೈಗೇ ಮಿಕ್ಸರ್ ಕೊಟ್ಟುಬಿಡ್ತಿದ್ದೆ ಮೇಷ್ಟ್ರೇ. ಈಗ ಸಮಿತಿಯವರೆಲ್ಲ ಅವಳ ಹೆಸರು ಆಡಿ ಆಗಿದೆ. ತಕ್ಷಣಕ್ಕೆ ಅಳಿಸೋಕೆ ಆಗಲ್ಲ. ಇವತ್ತಿಂದ ನಿಮ್ಮ ಹಳೆ ಶಿಷ್ಯನನ್ನೇ ಕರೆಸ್ತೀನಿ. ಅವಳು ಅವನ ಜೊತೆಗೆ ಬರಲಿ, ಎರಡನೇ ಕುರ್ಚಿಗೆ. ನೀವು..."

"ನಾನು ಮನೇಲಿರ್ತೀನಿ" ಎಂದರು ಮೇಷ್ಟ್ರು.

ಮನೆಗೆ ಬಂದು ಹೇಳಿದಾಗ ಗುಬ್ಬಿ ಸಂತೋಷಪಡಲಿಲ್ಲ. "ನನ್ನನ್ನ ಕೇಳದೆ ಯಾಕೆ ಒಪ್ಪಿಕೊಂಡು ಬಂದೆ? ಮಂಗಳವಾರವೂ ನೀನೇ ಮಾತಾಡಿದೆ, ಇವತ್ತೂ ನೀನೇ ಮಾತಾಡಿದೆ. ನನಗೇನು ಬಾಯಿಲ್ವಾ?"

"ಹೋಗಲ್ಲ ಅಂದ್ರೆ ಬೇಡ ಬಿಡು ಮಗಳೇ."

"ಹೋಗಲ್ಲ ಅಂತ ಯಾರು ಅಂದ್ರು?" ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಬಾಗಿಲ ಬಳಿ ನಿಂತು ಹಿಂತಿರುಗಿ, ಅಪ್ಪ ತನ್ನ ಮುಖ ನೋಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಹೇಳಿದಳು. "ಕೆಲಸಕ್ಕೆ ಹೋಗ್ತಿದ್ದೀನಿ, ಅಷ್ಟೇ. ಎಲ್ಲ ಸರಿಹೋಯ್ತು ಅಂದ್ಕೋಬೇಡ."

ಮುಂದಿನ ಮೂರು ಸಂಜೆ ಮೇಷ್ಟ್ರು ಮನೆಯಲ್ಲೇ ಇದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಆರು ಗಂಟೆಯಾದರೆ ಕೂತಲ್ಲಿ ಕೂರಲಾಗದೆ ಅಡುಗೆಮನೆಗೂ ಹೊರಬಾಗಿಲಿಗೂ ನಡೆದಾಡುತ್ತಿದ್ದರು. "ಸುಮ್ನೆ ತಿರುಗೋ ಬದಲು ಈ ತರಕಾರಿ ಹೆಚ್ಚು" ಎಂದು ಅಜ್ಜಿ ಚಾಕು ಕೊಟ್ಟರು. ಅಜ್ಜಿ ಎತ್ತಿ ಕೊಟ್ಟ ಫೋನಿನಲ್ಲಿ ಒಬ್ಬ ಹಳೆಯ ಗೆಳೆಯ, "ಏನ್ ಮೇಷ್ಟ್ರೇ, ಕಿವಿ ಅಡ ಇಟ್ಟಿದ್ದೀರಂತೆ?" ಎಂದು ನಕ್ಕ. ಮೇಷ್ಟ್ರೂ ನಕ್ಕರು. ಆಮೇಲೆ ಕ್ಯಾರೆಟ್ಟನ್ನು ಎಷ್ಟು ಸಣ್ಣಗೆ ಹೆಚ್ಚಿದರೆಂದರೆ ಅದು ಸೂಪಿಗೂ ಬರದ ಹಾಗಾಯಿತು.

ಭಾನುವಾರ ಊಟದ ನಂತರ ಹೆಂಡತಿ ಒಂದು ಚೀಟಿ ತಂದು ಅವರ ಮುಂದಿಟ್ಟಳು. ಅಂಗಡಿಗೆ ಬರುವ ಕಿವಿ ಡಾಕ್ಟರರ ಹೆಸರು, ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ.

"ನಾನೂ ಬರ್ತೀನಿ" ಎಂದಳು.

"ನಿನಗೆ ಕೆಲಸ..."

"ಬರ್ತೀನಿ ಅಂದೆನಲ್ಲ. ಕೇಳಿಸ್ತಾ?"

"ಕೇಳಿಸ್ತು."

ಪರೀಕ್ಷೆಯ ಕೋಣೆ ಲಿಫ್ಟಿನಷ್ಟು ಚಿಕ್ಕದು. ಗೋಡೆಗೆಲ್ಲ ಸದ್ದು ತಡೆಯುವ ಸ್ಪಂಜು, ಒಂದು ಕಡೆ ಗಾಜು. ಮೇಷ್ಟ್ರನ್ನು ಒಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಎಷ್ಟು ಸಣ್ಣಗೆ ಕೇಳಿದರೂ ಒತ್ತಬೇಕು. ಗಾಜಿನ ಈಚೆ ಯಂತ್ರದ ಮುಂದೆ ಒಬ್ಬಳು ಹುಡುಗಿ ಕೂತಳು. ಹೆಂಡತಿ ಅವಳ ಪಕ್ಕ ನಿಂತಳು. ಮೇಷ್ಟ್ರು ಗುಂಡಿ ಒತ್ತಿದರೆ ಯಂತ್ರದ ಮೇಲೊಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು.

ಹುಡುಗಿ ಒಂದು ಸದ್ದು ಬಿಟ್ಟಳು. ದೀಪ ಹೊತ್ತಿತು. ಇನ್ನೊಂದು ಸದ್ದು ಬಿಟ್ಟಳು. ದೀಪ ಹೊತ್ತಿತು. "ಪರವಾಗಿಲ್ವೇ, ಚೆನ್ನಾಗಿಯೇ ಕೇಳಿಸ್ತಿದೆ ಇವರಿಗೆ" ಎಂದಳು.

ಹೆಂಡತಿ ದೀಪ ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು. ಗಾಜಿನಾಚೆ ಅವರ ಕಣ್ಣು ಹುಡುಗಿಯ ಭುಜದ ಮೇಲಿತ್ತು. ಹುಡುಗಿ ಕೈ ಆಡಿಸಿದಾಗ ಭುಜ ಒಂದಿಷ್ಟು ಅಲುಗುತ್ತಿತ್ತು. ಅದು ಅಲುಗಿದ ಕೂಡಲೇ ಮೇಷ್ಟ್ರ ಹೆಬ್ಬೆರಳು ಒತ್ತುತ್ತಿತ್ತು.

ಹೆಂಡತಿ ಬಾಗಿಲು ತೆಗೆದು ಒಳಗೆ ಹೋದಳು. ಮೇಷ್ಟ್ರು ಹೆಡ್‌ಫೋನ್ ಒಂದು ಕಡೆ ಸರಿಸಿ, "ಏನು? ಮುಗೀತಾ?" ಎಂದರು. ಅವಳು ಹೆಡ್‌ಫೋನ್ ಮತ್ತೆ ಸರಿಯಾಗಿ ಕೂರಿಸಿ, ಕುರ್ಚಿಯ ಎರಡೂ ತೋಳು ಹಿಡಿದು, ಗಂಡನನ್ನು ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿಸಿದಳು. ಒಂದು ಗಳಿಗೆ ಅವರ ಭುಜದ ಮೇಲೆ ಕೈಯಿಟ್ಟು ಹೊರಗೆ ಬಂದಳು.

"ಈಗ ಮೊದಲಿಂದ ಮಾಡಮ್ಮ."

ಹುಡುಗಿ ಸದ್ದು ಬಿಟ್ಟಳು. ದೀಪ ಹೊತ್ತಲಿಲ್ಲ. ಸದ್ದು ಜೋರು ಮಾಡಿದಳು. ಹೊತ್ತಲಿಲ್ಲ. ಗಾಜಿನಾಚೆ ಮೇಷ್ಟ್ರ ಬೆನ್ನು, ನರೆತ ಹಿಂದಲೆ, ಮಂಡಿಯ ಮೇಲೆ ಗುಂಡಿ ಹಿಡಿದ ಕೈ ಕಾಣುತ್ತಿತ್ತು. ಕೈ ಅಲುಗಲಿಲ್ಲ. ಹುಡುಗಿ ಇನ್ನೂ ಒಂದು ಹೆಜ್ಜೆ ಏರಿಸಿ, ಅನುಮಾನದಿಂದ ತಲೆ ಎತ್ತಿದಳು.

"ನಿದ್ದೆ ಹೋದ್ರಾ ಇವರು?"

"ಇಲ್ಲಮ್ಮ" ಎಂದಳು ಹೆಂಡತಿ. "ಎಚ್ಚರ ಇದಾರೆ. ಕಾಯ್ತಾ ಇದಾರೆ."